ಕಡಲಾಚೆಯ ಔಷಧಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆಯ ಸುದ್ದಿ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಮತ್ತೆ ಬಂತು. ಸಣ್ಣ ಅಕ್ಷರ ಈಗ ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಮೊಮ್ಮಗಳು ಪೇಪರ್ ಓದಿ ಹೇಳುತ್ತಾಳೆ. ಆರನೇ ಇಯತ್ತೆಯ ಹುಡುಗಿ. ಆ ಸುದ್ದಿ ಓದಿ ಮುಗಿಸಿದವಳು ಪುಟ ತಿರುವಲಿಲ್ಲ. ‘ಅಜ್ಜ, ಇದು ಆಲಿವೈನ್ ಕತೆಯೇ ಅಲ್ದಾ?’ ಎಂದಳು. ಒಳಗಿನಿಂದ ಅವಳ ಅಮ್ಮಮ್ಮ, ಅಂದರೆ ನನ್ನ ಹೆಂಡತಿ, ‘ಹೌದು’ ಎಂದಳು. ಒಂದೇ ಶಬ್ದ. ಆದರೆ ನಮ್ಮ ಮನೆಯಲ್ಲಿ ಅವಳ ಬಾಯಿಂದ ಬರುವ ಒಂದೊಂದು ಶಬ್ದಕ್ಕೂ ಬೆಲೆಯಿದೆ, ಯಾಕೆಂದು ಮುಂದೆ ಹೇಳುತ್ತೇನೆ. ಆಲಿವೈನ್ ಎಂಬ ಊರಿನ ವಿಷಯ ನಿಮ್ಮ ಓದುಗರಿಗೂ, ಜಿಲ್ಲೆಯ ಆರೋಗ್ಯ ನೋಡಿಕೊಳ್ಳುವವರಿಗೂ ತಲುಪಬೇಕೆಂದು ಈ ಪತ್ರ. ಮಾತು ನನ್ನದು, ಅಕ್ಷರ ಮೊಮ್ಮಗಳದ್ದು.

ಆಲಿವೈನ್ ಭೂಪಟದಲ್ಲಿ ಸಿಗುವ ಊರಲ್ಲ. ಪೋಕೆಮಾನ್ ಎಂಬ ವಿಡಿಯೊ ಗೇಮ್‌ನೊಳಗಿನ ಬಂದರು. ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಪಳಗಿಸಿ, ಊರೂರು ತಿರುಗಿ ಪಂದ್ಯ ಆಡುವ ಆಟ ಅದು. ಆಲಿವೈನ್ ಬರುವ ‘ಗೋಲ್ಡ್’ ಮತ್ತು ‘ಸಿಲ್ವರ್’ ಎಂಬ ಕಂತುಗಳು ಜಪಾನಿನಲ್ಲಿ ಹೊರಬಂದದ್ದು 1999ರಲ್ಲಿ. ಹತ್ತು ವರ್ಷದ ನಂತರ, 2009ರಲ್ಲಿ, ಅದನ್ನೇ ಹೊಸದಾಗಿ ಚಿತ್ರಿಸಿ ‘ಹಾರ್ಟ್‌ಗೋಲ್ಡ್’, ‘ಸೋಲ್‌ಸಿಲ್ವರ್’ ಎಂದು ನಿಂಟೆಂಡೊ ಡಿಎಸ್ ಎಂಬ ಮಡಚುವ ಯಂತ್ರಕ್ಕೆ ಮಾಡಿದರು. ನನ್ನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳೆಯನೊಬ್ಬನಿಂದ ಆ ಯಂತ್ರ ಕೊಂಡಿದ್ದ. ಈಗ ಅದು ಅವನ ಮಗಳ ಕೈಯಲ್ಲಿದೆ. ಜಪಾನಿಯಲ್ಲಿ ಆ ಊರಿನ ಹೆಸರು ಅಸಾಗಿಯಂತೆ, ಅದೊಂದು ನಸುನೀಲಿ ಹಸಿರಿನ ಹೆಸರು. ಆಲಿವೈನ್ ಎಂಬುದೂ ಒಂದು ಹಸಿರು ಖನಿಜವೇ. ಮಳೆ ಬಿಟ್ಟ ಮೇಲೆ ಕಾರವಾರದ ಬೈತಖೋಲದ ಗುಡ್ಡದ ಬುಡದಲ್ಲಿ ನಮ್ಮ ಕಡಲಿಗೆ ಬರುವ ಬಣ್ಣ ಅದು ಎಂದು ನನಗೆ ಅನಿಸುತ್ತದೆ.

ಊರು ಚಿಕ್ಕದು. ಹಡಗು ನಿಲ್ಲುವ ಒಂದು ಧಕ್ಕೆ, ನಾವಿಕರು ಊಟಕ್ಕೆ ಬರುವ ಒಂದು ಹೋಟೆಲು, ಗಾಳ ಕೊಡುವ ಒಬ್ಬ ಮೀನುಗಾರನ ಮನೆ, ಪಂದ್ಯ ಆಡುವ ಒಂದು ಅಖಾಡ. ಪರದೇಶಗಳಿಗೆ ಅತಿ ಹತ್ತಿರದ ಬಂದರು ಎಂದು ಊರಿನ ಫಲಕ ಹೇಳುತ್ತದೆ. ಇಲ್ಲಿಂದ ಎಸ್.ಎಸ್. ಆಕ್ವಾ ಎಂಬ ಹಡಗು ಬೇರೊಂದು ನಾಡಿನ ಬಂದರಿಗೆ ಹೋಗುತ್ತದೆ. ಸೋಮವಾರ, ಶುಕ್ರವಾರ ಇಲ್ಲಿಂದ ಹೊರಟರೆ, ಬುಧವಾರ, ಭಾನುವಾರ ಆಚೆಯಿಂದ ವಾಪಸ್ಸು. ಯಂತ್ರದೊಳಗೆ ನಿಜವಾದ ಗಡಿಯಾರ ಇರುವುದರಿಂದ ಮಂಗಳವಾರ ಹೋಗಿ ನಿಂತರೆ ಹಡಗಿಲ್ಲ. ಕಾಯಲೇಬೇಕು. ನನಗೆ ಈ ಒಂದು ಸಂಗತಿಯಲ್ಲೇ ಆ ಊರು ನಿಜವೆನಿಸಿಬಿಟ್ಟಿತು. ಬಂದರಿನ ಊರಿನವರಿಗೆ ಕಾಯುವುದು ಗೊತ್ತು.

ಆದರೆ ಆಲಿವೈನ್ ಎಂದರೆ ಮುಖ್ಯವಾಗಿ ಅದರ ದೀಪಸ್ತಂಭ. ಬಹಳ ಹಿಂದೆ ಆ ಊರಿನ ಕಡಲಿಗೆ ರಾತ್ರಿ ಬೆಳಕು ಕೊಡುತ್ತಿದ್ದದ್ದು ಪೋಕೆಮಾನ್‌ಗಳೇ ಅಂತೆ, ಅವುಗಳ ನೆನಪಿಗೆಂದೇ ಸ್ತಂಭ ಕಟ್ಟಿದರಂತೆ. ಈಗಲೂ ಆರನೇ ಮಹಡಿಯಲ್ಲಿ ದೀಪದ ಬದಲಿಗೆ ಒಂದು ಜೀವ ಇದೆ. ಆಂಫರೋಸ್ ಎಂಬ ಜಾತಿ, ಹಳದಿ ಮೈ, ಬಾಲದ ತುದಿಯಲ್ಲಿ ಬೆಳಕಿನ ಗೋಳ. ಮರಿಯಿದ್ದಾಗ ಉಣ್ಣೆಯ ಕುರಿಯಂತಿರುತ್ತದೆ, ಬೆಳೆದ ಮೇಲೆ ಎರಡು ಕಾಲಲ್ಲಿ ನಿಲ್ಲುತ್ತದೆ. ಊರವರು ಅದನ್ನು ಆಂಫಿ ಎಂದು ಮುದ್ದಿನಿಂದ ಕರೆಯುತ್ತಾರೆ. ಆಟಗಾರ ಊರಿಗೆ ಕಾಲಿಡುವ ಹೊತ್ತಿಗೆ ಆಂಫಿಗೆ ಕಾಯಿಲೆ. ಉಸಿರಿಗೆ ಕಷ್ಟಪಡುತ್ತ ಮಲಗಿದೆ.

ಊರಿನ ಅಖಾಡದ ಮುಖ್ಯಸ್ಥೆ ಜಾಸ್ಮಿನ್ ಎಂಬ ಹುಡುಗಿ. ಅವಳನ್ನು ಪಂದ್ಯದಲ್ಲಿ ಗೆದ್ದು ಬಿಲ್ಲೆ ಪಡೆಯದೆ ಆಟದ ಕೊನೆಯ ದೊಡ್ಡ ಸ್ಪರ್ಧೆಗೆ ಪ್ರವೇಶವಿಲ್ಲ. ಆದರೆ ಅವಳು ಅಖಾಡದಲ್ಲಿಲ್ಲ. ದೀಪಸ್ತಂಭದ ತುದಿಯಲ್ಲಿ ಆಂಫಿಯ ಪಕ್ಕ ಕುಳಿತಿದ್ದಾಳೆ. ಅಖಾಡದ ಬಾಗಿಲಲ್ಲಿ ನಿಂತವನು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಬಲಶಾಲಿಯಾದವನಿಗೆ ಕರುಣೆಯೂ ಇರಬೇಕು ಎಂಬರ್ಥದ ಮಾತು ಹೇಳಿ ಕಳಿಸುತ್ತಾನೆ. ಅದೇ ಬಾಗಿಲಲ್ಲಿ ಆಟಗಾರನ ಎದುರಾಳಿ ಹುಡುಗನೂ ಸಿಗುತ್ತಾನೆ. ಕಾಯಿಲೆ ಬಿದ್ದದ್ದನ್ನು ಬಿಟ್ಟುಬಿಡಬೇಕು, ಹೋರಾಡಲಾಗದ ಪ್ರಾಣಿಗೆ ಬೆಲೆ ಇಲ್ಲ ಎನ್ನುವುದು ಅವನ ನಿಲುವು. ಮೊಮ್ಮಗಳು ಇದನ್ನು ನನಗೆ ತೋರಿಸಿದಾಗ ಅವಳ ಕಣ್ಣು ತುಂಬಿತ್ತು. ಆ ಹುಡುಗನಂಥವರನ್ನು ನಾನು ನೋಡಿದ್ದೇನೆ. ಎಂಬತ್ತು ದಾಟಿದವರಿಗೆ ಇಷ್ಟು ದುಡ್ಡಿನ ಔಷಧಿ ಯಾಕೆ ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೇಳಿದವರಿದ್ದಾರೆ.

ಜಾಸ್ಮಿನ್‌ಗೆ ಔಷಧಿ ಎಲ್ಲಿದೆ ಎಂದು ಗೊತ್ತು. ಸಮುದ್ರದ ಆಚೆ ಸಯನ್‌ವುಡ್ ಎಂಬ ಊರಲ್ಲಿ ಒಳ್ಳೆಯ ಔಷಧದ ಅಂಗಡಿ ಇದೆ. ಆದರೆ ಆಂಫಿಯನ್ನು ಬಿಟ್ಟು ಅವಳು ಹೋಗುವಂತಿಲ್ಲ. ಹಾಗಾಗಿ ಆಗಷ್ಟೇ ಊರಿಗೆ ಬಂದ ಆಟಗಾರನನ್ನು, ತರುತ್ತೀರಾ ಎಂದು ಕೇಳಿಕೊಳ್ಳುತ್ತಾಳೆ.

ಅಲ್ಲಿಗೆ ಹಡಗಿಲ್ಲ. ನೀರಿನ ಪ್ರಾಣಿಯ ಬೆನ್ನೇರಿ ಹೋಗಬೇಕು. ಮೊದಲು ದಕ್ಷಿಣಕ್ಕೆ, ಆಮೇಲೆ ಪಶ್ಚಿಮಕ್ಕೆ. ದಾರಿಯಲ್ಲಿ ಸುಳಿ ತಿರುಗುವ ನಾಲ್ಕು ದ್ವೀಪಗಳು. ಒರಟು ಕಡಲು ಸುತ್ತಿದ ಬಂದರು ಎಂದೇ ಸಯನ್‌ವುಡ್ಡಿನ ಹೆಸರು. ಅಲ್ಲಿಯ ಔಷಧದ ಅಂಗಡಿಗೆ 500 ವರ್ಷದ ಪರಂಪರೆ ಎಂದು ಬೋರ್ಡು ಹಾಕಿದ್ದಾರೆ. ಒಳಗಿರುವ ಔಷಧಿಗಾರ ಆಟಗಾರನನ್ನು ನೋಡಿದ ತಕ್ಷಣ, ನಿಮ್ಮ ಪ್ರಾಣಿಗಳೆಲ್ಲ ಆರೋಗ್ಯವಾಗಿವೆಯಲ್ಲ, ಬೇರೆ ಏನೋ ಚಿಂತೆ ಇದೆಯೇ ಎಂದು ವಿಚಾರಿಸುತ್ತಾನೆ. ದೀಪಸ್ತಂಭದ ಸಂಗತಿ ತಿಳಿದ ಕೂಡಲೇ ಔಷಧಿ ತೆಗೆದುಕೊಡುತ್ತಾನೆ. ತುಂಬ ತೀಕ್ಷ್ಣವಾದದ್ದು, ತುರ್ತಿದ್ದರೆ ಮಾತ್ರ ಕೊಡುತ್ತೇನೆ ಎನ್ನುತ್ತಾನೆ. ದುಡ್ಡು ಕೇಳುವುದಿಲ್ಲ.

ಸಂಪಾದಕರೇ, ನಾನು 1979ರಿಂದ 2013ರವರೆಗೆ ಕಾರವಾರದಲ್ಲಿ ಮೆಡಿಕಲ್ ಅಂಗಡಿ ನಡೆಸಿದವನು. ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಡಿ.ಫಾರ್ಮಾ ಮುಗಿಸಿ ಘಟ್ಟ ಇಳಿದು ಬಂದೆ. ಔಷಧದ ಅಂಗಡಿಯವನನ್ನು ಇಷ್ಟು ಸರಿಯಾಗಿ ತೋರಿಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಎದುರು ನಿಂತವರ ಮುಖ ನೋಡಿ, ಕಾಯಿಲೆ ಇವರದ್ದಲ್ಲ, ಮನೆಯಲ್ಲಿ ಯಾರದೋ ಎಂದು ತಿಳಿಯುವುದು ನಮ್ಮ ಕಸುಬಿನ ಮೊದಲ ಪಾಠ. ಯಾವ ಔಷಧಿ ಎಷ್ಟು ತೀಕ್ಷ್ಣ ಎಂದು ಹೇಳಿ ಕೊಡುವುದು ಎರಡನೆಯದು. ಈ ಆಟ ಮಾಡಿದವರು ಅದೆರಡನ್ನೂ ನಾಲ್ಕು ಸಾಲಿನಲ್ಲಿ ಹಿಡಿದಿದ್ದಾರೆ.

ನಾನು ಬಂದಾಗ ಕಾಳಿ ನದಿಗೆ ಸೇತುವೆ ಇರಲಿಲ್ಲ. ಸದಾಶಿವಗಡಕ್ಕೆ ಔಷಧಿ ಕಳಿಸುವುದಿದ್ದರೆ ಕೋಡಿಬಾಗದಲ್ಲಿ ದಾಟಿಸಬೇಕು. ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹಾಗೆಂದು ಬರ್ಫಕ್ಕೆ ತಾಗಿ ಹೆಪ್ಪುಗಟ್ಟಲೂ ಬಾರದು. ಮೀನಿನ ಐಸನ್ನು ಪ್ಲಾಸ್ಟಿಕ್ಕಿಗೆ ಕಟ್ಟಿ, ಅದರ ಮೇಲೆ ಬಟ್ಟೆ ಸುತ್ತಿ, ಬಾಟಲಿಗೆ ಬೇರೆ ಬಟ್ಟೆ ಸುತ್ತಿ, ಅಲ್ಯುಮಿನಿಯಂ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದೆ. ಗಾಳಿ ಎದ್ದ ದಿನ ಆಚೆ ದಡದಲ್ಲಿ ಕಾಯುವವರು ಕಾಯುತ್ತಲೇ ಇರುತ್ತಿದ್ದರು. ನಮ್ಮ ಅಂಗಡಿಗೆ ಮಾಲು ಬರುತ್ತಿದ್ದದ್ದು ಹುಬ್ಬಳ್ಳಿಯಿಂದ, ಬಸ್ಸಿನ ಪಾರ್ಸೆಲ್ಲಿನಲ್ಲಿ. ಅರಬೈಲ್ ಘಟ್ಟದಲ್ಲಿ ಮರ ಬಿದ್ದರೆ ಕಾರವಾರಕ್ಕೆ ಆ ದಿನ ಔಷಧಿ ಇಲ್ಲ. ಅಣಶಿ ಘಟ್ಟದ ಗತಿಯೂ ಮಳೆಗಾಲದಲ್ಲಿ ಅದೇ.

ಅದೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ನದಿಗೆ ಬಿತ್ತು. ಹೊಸ ಸೇತುವೆ ಪಕ್ಕದಲ್ಲಿ ಇಲ್ಲದಿದ್ದರೆ ನಾವು ಮತ್ತೆ 1979ಕ್ಕೆ ಹೋಗುತ್ತಿದ್ದೆವು. ಇನ್ನೊಂದು ಶಿರೂರಿನ ನೆನಪೂ ನಿಮಗಿರಬೇಕು, ಬೈಂದೂರಿನ ಹತ್ತಿರದ್ದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆಗೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಅಲ್ಲಿಯ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಔಷಧಿ ಹುಡುಕಿಕೊಂಡು ಹೊರಟವರು ಅವರು. ಅದಕ್ಕೂ ಮೊದಲು, 2019ರಲ್ಲಿ, ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ತುರ್ತು ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದ್ದರು. ಆಗ ಕಾಲೇಜಿನಲ್ಲಿದ್ದವರಿಗೆ ಈಗ ಮಕ್ಕಳಾಗಿರಬೇಕು.

ಇನ್ನು ನಮ್ಮ ಮನೆಯ ಮಾತು. 2022ರ ಆಗಸ್ಟ್‌ನ ಒಂದು ರಾತ್ರಿ 11.40ಕ್ಕೆ ನನ್ನ ಹೆಂಡತಿ ನೀರಿನ ಲೋಟ ಎತ್ತಲು ಹೋದಳು, ಲೋಟ ಕೈಯಿಂದ ಜಾರಿತು. ಬಾಯಿ ಒಂದು ಕಡೆ ವಾಲಿತ್ತು. ಪಾರ್ಶ್ವವಾಯು ಎಂದು ನನಗೆ ಆ ಕ್ಷಣವೇ ತಿಳಿಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಡುವ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವ ಅಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಇಷ್ಟನ್ನೂ ಬಲ್ಲವನು ನಾನು. ಗಡಿಯಾರ ನೋಡಿ ಚೀಟಿಯಲ್ಲಿ 11.40 ಎಂದು ಬರೆದು ಕಿಸೆಯಲ್ಲಿಟ್ಟುಕೊಂಡೆ. ಮೊದಲು ಹೋದ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸ್ಕ್ಯಾನ್ ಮಾಡುವವರು ಇರಲಿಲ್ಲ, ಆ ಚುಚ್ಚುಮದ್ದೂ ಇರಲಿಲ್ಲ. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು, ದಕ್ಷಿಣಕ್ಕೆ ದೊಡ್ಡ ಊರಿಗೆ ಒಯ್ಯಿರಿ ಎಂದರು. ಆಂಬ್ಯುಲೆನ್ಸ್ ಹೊರಟಾಗ 1.15. ಮಳೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಕುಮಟಾ ದಾಟುವಾಗ ಕಿಸೆಯ ಚೀಟಿ ತೆಗೆದು ನೋಡಿದೆ, ಭಟ್ಕಳದಲ್ಲಿ ಮತ್ತೆ ನೋಡಿದೆ. ಮುಟ್ಟಿದಾಗ ಬೆಳಗಿನ 5.10. ಐದೂವರೆ ಗಂಟೆ. ಆ ಚುಚ್ಚುಮದ್ದು ಅಲ್ಲಿ ಕಪಾಟಿನಲ್ಲಿತ್ತು. ಕೊಡುವ ಹೊತ್ತು ಮೀರಿತ್ತು.

ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಹದಿನೇಳು ದಿನದ ನಂತರ ಮನೆಗೆ ಕರೆತಂದೆವು.

ಮಗ ರಜೆ ಹಾಕಿ ಸಂಸಾರ ಸಮೇತ ಬಂದ. ಆಮೇಲೆ ಮನೆಯಿಂದಲೇ ಕೆಲಸ ಮಾಡುವಂತೆ ಮಾಡಿಕೊಂಡು ಇಲ್ಲೇ ಉಳಿದ. ಎಂಟು ವರ್ಷದ ಮೊಮ್ಮಗಳಿಗೆ ಹೊಸ ಶಾಲೆ, ಗೆಳತಿಯರಿಲ್ಲ. ಮಧ್ಯಾಹ್ನ ಅಮ್ಮಮ್ಮನ ಮಂಚದ ಪಕ್ಕ ಕುಳಿತು ಅಪ್ಪನ ಹಳೆಯ ಯಂತ್ರದಲ್ಲಿ ಆಡುವಳು. ಆಟದಲ್ಲಿ ಬರುವ ಇಂಗ್ಲಿಷ್ ಮಾತನ್ನೆಲ್ಲ ಕನ್ನಡ ಮಾಡಿ ಅಮ್ಮಮ್ಮನಿಗೆ ಹೇಳುವಳು. ಆಲಿವೈನ್‌ಗೆ ಅವರಿಬ್ಬರೂ ಸೇರಿಯೇ ಹೋದದ್ದು.

ಆಗ ನನ್ನ ಹೆಂಡತಿ ಮಾತ್ರೆ ನುಂಗುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಔಷಧಿ ಕೊಟ್ಟ ನನ್ನ ಕೈಯನ್ನು ಎಡಗೈಯಿಂದ ತಳ್ಳುತ್ತಿದ್ದಳು. ಸೊಸೆ ಕೊಟ್ಟರೂ ಬೇಡ, ಮಗ ಕೊಟ್ಟರೂ ಬೇಡ. ಒಂದು ದಿನ ಮೊಮ್ಮಗಳು ಬಂದು, ‘ಅಜ್ಜ, ನೀನು ಸಿಟ್ಟು ಮಾಡ್ಕಬೇಡ, ನನ್ನ ಕೈಗೆ ಕೊಡು’ ಎಂದಳು. ಕೊಟ್ಟೆ. ಅವಳ ಅಂಗೈಯಿಂದ ತೆಗೆದುಕೊಂಡಳು. ಆಮೇಲೆ ಗೊತ್ತಾಯಿತು, ಆಟದಲ್ಲಿ ಕಡಲು ದಾಟಿ ಔಷಧಿ ತಂದುಕೊಟ್ಟಾಗ ಜಾಸ್ಮಿನ್ ಹೇಳುವುದೂ ಅದನ್ನೇ. ದಯವಿಟ್ಟು ಬೇಸರಪಡಬೇಡಿ, ನನ್ನ ಕೈಯಿಂದಲ್ಲದೆ ಆಂಫಿ ಬೇರೆಯವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು. ಮಗು ಅದನ್ನು ಹಿಂದಿನ ವಾರ ಓದಿತ್ತು.

ಔಷಧಿ ಒಳಗೆ ಹೋದ ಮೇಲೆ ಆಂಫಿ ಎದ್ದು ಬೆಳಗುತ್ತದೆ. ಜಾಸ್ಮಿನ್ ಧನ್ಯವಾದ ಹೇಳಿ ಅಖಾಡಕ್ಕೆ ಮರಳುತ್ತಾಳೆ. ಅಷ್ಟು ಹೊತ್ತು ಮೆಲುದನಿಯಲ್ಲಿ ಮಾತಾಡಿದ ಆ ಹುಡುಗಿಯ ಹತ್ತಿರ ಇರುವುದು ಸ್ಟೀಲಿಕ್ಸ್ ಎಂಬ ಉಕ್ಕಿನ ಮಹಾಸರ್ಪ. ಸುಲಭಕ್ಕೆ ಸೋಲುವುದಿಲ್ಲ. ಮೊಮ್ಮಗಳು ಮೂರು ಸಲ ಸೋತಳು. ನಾಲ್ಕನೆಯ ಸಲ ಗೆದ್ದ ದಿನ ಅವಳ ಅಮ್ಮಮ್ಮ ಎಡಗೈಯನ್ನು ಮಂಚದ ಮೇಲೆ ಬಡಿದು ಸಂತೋಷ ತೋರಿಸಿದಳು. ಮೊದಲ ಮಾತು ಬಂದದ್ದು ಇನ್ನೂ ಐದು ತಿಂಗಳ ನಂತರ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಷಯ. ಆಲಿವೈನ್ ಚಿಕ್ಕ ಊರು, ಅಲ್ಲಿ ಆ ಔಷಧಿ ಇಲ್ಲ, ಇರಬೇಕೆಂದೂ ಇಲ್ಲ. ಆದರೆ ಅದು ಎಲ್ಲಿದೆ ಎಂದು ಅಲ್ಲಿಯವರಿಗೆ ಗೊತ್ತು. ಜಾಸ್ಮಿನ್ ಸಯನ್‌ವುಡ್ ಎಂದು ನೇರ ಹೇಳುತ್ತಾಳೆ, ಹೋದವನಿಗೆ ಅಲ್ಲಿ ಔಷಧಿ ಸಿಕ್ಕಿಯೇ ಸಿಗುತ್ತದೆ. ಆ ರಾತ್ರಿ ನಮಗೆ ಗೊತ್ತಿಲ್ಲದಿದ್ದದ್ದು ಇದೇ. ಮೊದಲ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸ್ಕ್ಯಾನ್ ಇಲ್ಲವೆಂದು ಮನೆಯಲ್ಲೇ ಗೊತ್ತಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಉತ್ತರಕ್ಕೆ ಮಾಜಾಳಿ ದಾಟಿ ಗೋವಾಕ್ಕೆ ತಿರುಗಿದ್ದರೆ ದಾರಿ ಅರ್ಧ. ಅಲ್ಲಿ ಆ ರಾತ್ರಿ ಏನಿತ್ತು, ಏನಿರಲಿಲ್ಲ ಎಂದು ಯಾರನ್ನು ಕೇಳಬೇಕೆಂದೇ ಗೊತ್ತಿರಲಿಲ್ಲ. ಔಷಧಿಯಲ್ಲೇ ಆಯುಷ್ಯ ಕಳೆದ ನನಗೇ ಹೀಗಾದರೆ, ಬೇಲೇಕೇರಿಯ ಮೀನುಗಾರನಿಗೆ, ಜೋಯಿಡಾದ ಕಾಡೊಳಗಿನ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಬಲೆ ಬಿಡಿಸುವಾಗ ಕಡಲಹಾವು ಕಚ್ಚಿದರೆ ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ಅದಕ್ಕೆ ನಾಟುವುದಿಲ್ಲ. ಆ ಮದ್ದು ಇರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಡಲಹಾವು ಕಚ್ಚಿದವನಿಗೆ ಉಸಿರಾಟದ ಯಂತ್ರ ಇರುವ ಜಾಗ ಬೇಕು. ದೋಣಿ ದಡಕ್ಕೆ ಬರುವಷ್ಟರಲ್ಲೇ ಹೊತ್ತು ಹೋಗಿರುತ್ತದೆ, ಆಮೇಲೆ ನಾಲ್ಕು ಬಾಗಿಲು ಬಡಿಯುವಷ್ಟು ಸಮಯ ಅವನಿಗಿಲ್ಲ.

ದೊಡ್ಡ ಆಸ್ಪತ್ರೆ ಬೇಕು, ಬರಬೇಕು. ಅದಕ್ಕಾಗಿ ಕೂಗುವವರ ಜೊತೆ ನನ್ನದೂ ಒಂದು ದನಿ. ಕಟ್ಟಡ ಏಳಲು ವರ್ಷಗಳೇ ಬೇಕು. ಈ ರಾತ್ರಿಗೇ ಆಗಬಹುದಾದ ಕೆಲಸವೊಂದಿದೆ. ಜಿಲ್ಲೆಯ ಪ್ರತಿ ತಾಲೂಕು ಆಸ್ಪತ್ರೆಯ ಗೇಟಿನಲ್ಲಿ ಒಂದು ಕಪ್ಪು ಹಲಗೆ ಇಡಲಿ. ದಿನಾ ಸಂಜೆ 6 ಗಂಟೆಗೆ ಅದರ ಮೇಲೆ ಬರೆಯಲಿ: ಈ ರಾತ್ರಿ ಸಿ.ಟಿ. ಸ್ಕ್ಯಾನ್ ಇದೆಯೇ, ಮಾಡುವವರು ಇದ್ದಾರೆಯೇ, ಹೆಪ್ಪು ಕರಗಿಸುವ ಚುಚ್ಚುಮದ್ದು ಎಷ್ಟು, ಹಾವಿನ ಮದ್ದು ಎಷ್ಟು ಬಾಟಲಿ, ಉಸಿರಾಟದ ಯಂತ್ರ ಖಾಲಿ ಇದೆಯೇ, ಹೆರಿಗೆ ಡಾಕ್ಟರು ಇದ್ದಾರೆಯೇ, ಆಂಬ್ಯುಲೆನ್ಸ್ ಎಷ್ಟು. ಇಲ್ಲದ್ದನ್ನು ಇಲ್ಲ ಎಂದೇ ಬರೆಯಲಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಇಲ್ಲ ಎಂದು ಮೊದಲೇ ಗೊತ್ತಾದರೆ ಒಂದೂವರೆ ಗಂಟೆ ಉಳಿಯುತ್ತದೆ. ನಮ್ಮ ಮನೆಯಲ್ಲಿ ಕಡಿಮೆ ಬಿದ್ದದ್ದು ಒಂದೇ ಗಂಟೆ.

ಇದರಲ್ಲಿ ನಿಮ್ಮ ಪಾಲೂ ಇದೆ, ಸಂಪಾದಕರೇ. ಶಿರಸಿ ಪೇಟೆಯ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಡಿಕೆಯ ದರ ದಿನವೂ ತಪ್ಪದೆ ಹಾಕುತ್ತೀರಿ. ಚಿನ್ನದ ದರ ಹಾಕುತ್ತೀರಿ. ಮೀನು ಹಿಡಿಯುವುದಕ್ಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ದಿನಗಳಲ್ಲಿ ಯಾವ ದೋಣಿ ಇಳಿಯಬಾರದು ಎಂದು ಹಾಕುತ್ತೀರಿ. ಅದರ ಪಕ್ಕದಲ್ಲಿ ಎರಡು ಬೆರಳಿನ ಅಗಲದ ಜಾಗ ಕೊಡಿ. ಯಾವ ತಾಲೂಕಿನಲ್ಲಿ ಏನಿದೆ, ಏನಿಲ್ಲ ಎಂಬ ಪಟ್ಟಿ. ಪತ್ರಿಕೆ ಬೆಳಿಗ್ಗೆ ಬರುತ್ತದೆ, ಔಷಧಿಯ ಲೆಕ್ಕ ಸಂಜೆಗೆ ಬದಲಾಗಬಹುದು, ನಿಜ. ಆದರೆ ಸ್ಕ್ಯಾನ್ ಯಂತ್ರ ಮತ್ತು ಅದರ ಪಾಳಿ ದಿನದಿನ ಬದಲಾಗುವುದಿಲ್ಲ. ವಾರಕ್ಕೊಮ್ಮೆ ಹಾಕಿದರೂ ಜನ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

ನಮ್ಮ ಮನೆಯಿಂದ ರಾತ್ರಿ ದೇವಗಡದ ದೀಪಸ್ತಂಭದ ಬೆಳಕು ಕಾಣುತ್ತದೆ. 1864ರಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಮೋಡ ಕವಿದಾಗ ಕಾಣದೇ ಹೋದರೆ ನನ್ನ ಹೆಂಡತಿ ಕಿಟಕಿಯ ಕಡೆ ಕೈ ತೋರಿಸಿ ‘ಆಂಫಿ?’ ಎಂದು ಕೇಳುತ್ತಾಳೆ. ಮೋಡ ಅಷ್ಟೇ, ಆಂಫಿ ಹುಷಾರಾಗಿದೆ ಎಂದು ಮೊಮ್ಮಗಳು ಉತ್ತರ ಕೊಡುತ್ತಾಳೆ. ಅವರಿಬ್ಬರ ನಡುವಿನ ಮಾತು ಅದು. ಇಲ್ಲಿ ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಹಲಗೆಯ ಮೇಲೆ ಯಾವ ಯಾವ ಔಷಧಿಯ ಹೆಸರು ಬರೆಯಬೇಕು, ಯಾವುದನ್ನು ಎಷ್ಟು ಡಿಗ್ರಿಯಲ್ಲಿ ಇಡಬೇಕು, ಅವಧಿ ಮುಗಿಯುವ ಮೊದಲು ಬದಲಿಸಿಕೊಳ್ಳುವುದು ಹೇಗೆ ಎಂಬುದರ ಪಟ್ಟಿಯನ್ನು ನಾನು ಕೈಬರಹದಲ್ಲಿ ತಯಾರಿಸಿದ್ದೇನೆ, ಒಟ್ಟು ಹನ್ನೊಂದು ಪುಟ. ಯಾವ ತಾಲೂಕಿನವರು ಕರೆದರೂ ತೆಗೆದುಕೊಂಡು ಬರುತ್ತೇನೆ, ಬಸ್ಸಿನ ಖರ್ಚು ನನ್ನದೇ. ಮಧ್ಯಾಹ್ನ 3ರ ನಂತರವಾದರೆ ಅನುಕೂಲ. ಬೆಳಗಿನ ಹೊತ್ತು ಹೆಂಡತಿಗೆ ಕೈಯ ವ್ಯಾಯಾಮ ಮಾಡಿಸುವುದಿರುತ್ತದೆ.

ಇತಿ,
ಒಬ್ಬ ನಿವೃತ್ತ ಔಷಧ ವ್ಯಾಪಾರಿ, ಕಾರವಾರ